ಚಳವಳಿಗಾರರ ಮಾತು, ಆಳುವವರ ಕಿವಿ

1

ಅಧಿಕಾರದ ಸ್ಥಾನದಲ್ಲಿಲ್ಲದೆಯೂ ರಾಜಕಾರಣದ ಗತಿಯನ್ನು ತಿರುಗಿಸಬಲ್ಲರೆಂದು ನಾವು ನಂಬಿಕೊಂಡು ಬಂದಿರುವ ಎರಡು ವರ್ಗಗಳಿವೆ. ಒಂದು, ಚಳವಳಿಗಾರರ ವರ್ಗ. ಇನ್ನೊಂದು, ವೃತ್ತಪತ್ರಿಕೆಗಳಲ್ಲಿಯೂ ಈಚಿನ ದಶಕಗಳಲ್ಲಿ ದೂರದರ್ಶನದ ವಾಹಿನಿಗಳಲ್ಲಿಯೂ ದಿನದಿನದ ರಾಜಕೀಯವನ್ನು ವ್ಯಾಖ್ಯಾನಿಸುವವರ ವರ್ಗ. ಇವರ ಪ್ರಭಾವ ನಿಜವಾಗಿ ಎಷ್ಟು ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಸರಕಾರಗಳು ಬಿದ್ದುದೂ ಕಾನೂನುಗಳು ಬಂದುದೂ ತಮ್ಮಿಂದಲೇ ಎಂಬುದು ಆ ವರ್ಗಗಳವರು ಕೊಡುವ ಉತ್ತರ. ಮತವೂ ಹಣವೂ ಜಾತಿಯೂ ಮಾಡುವುದನ್ನು ಮಾಡಿಯೇ ತೀರುತ್ತವೆ, ಉಳಿದುದೆಲ್ಲ ಬರಿಯ ಸದ್ದು ಎಂಬುದು ನಿರಾಶಾವಾದಿಗಳ ಉತ್ತರ. ಎರಡಕ್ಕೂ ಒಂದು ಸಮಾನ ದೋಷವಿದೆ: ಎರಡೂ ಪ್ರಕರಣಗಳನ್ನು ಒಂದೊಂದಾಗಿ ಎತ್ತಿಕೊಂಡು ತೂಗಿ ನೋಡುವುದಿಲ್ಲ.

ದಿಲ್ಲಿಯಲ್ಲಿ ನೆಲಸಿರುವ ಕನ್ನಡಿಗರಾದ ನಮಗೆ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯದಲ್ಲ. ನಾವು ಅಧಿಕಾರದ ಕೇಂದ್ರಕ್ಕೆ ಹತ್ತಿರದಲ್ಲಿದ್ದೇವೆ. ಆದರೆ ನಮ್ಮ ಮತಗಳಿಗೆ ಕರ್ನಾಟಕದಲ್ಲಿ ಬೆಲೆಯಿಲ್ಲ, ನಮ್ಮ ಭಾಷೆಗೆ ಇಲ್ಲಿ ಮತಬಲವಿಲ್ಲ. ಹೀಗಿರುವಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ಮಾತು ಮಾತ್ರ. ಸಭೆ ಸೇರುತ್ತೇವೆ, ಗೊತ್ತುವಳಿ ಮಾಡುತ್ತೇವೆ, ಮನವಿ ಬರೆಯುತ್ತೇವೆ, ಪತ್ರಿಕೆಗಳಿಗೆ ಲೇಖನ ಕಳುಹುತ್ತೇವೆ. ಈ ಮಾತಿಗೆ ಎಷ್ಟು ಶಕ್ತಿಯಿದೆ, ಎಲ್ಲಿ ಅದು ವ್ಯರ್ಥ, ಎಲ್ಲಿ ಸಾರ್ಥಕ ಎಂಬುದನ್ನು ತಿಳಿಯದೆ ಅದನ್ನು ವ್ಯಯಮಾಡುವುದು ಬುದ್ಧಿವಂತಿಕೆಯಲ್ಲ.

ಪರಿಶೀಲನೆಯ ಸೌಕರ್ಯಕ್ಕಾಗಿ 'ಪ್ರಭಾವ' ಎಂಬ ಒಂದು ಮಾತನ್ನು ಮೂರಾಗಿ ಒಡೆದುಕೊಳ್ಳೋಣ. ಜನರ ಮನಸ್ಸಿನಲ್ಲಿಲ್ಲದ ಒಂದು ವಿಷಯವನ್ನು ಸಾರ್ವಜನಿಕ ಪ್ರಶ್ನೆಯನ್ನಾಗಿ ಮಾಡುವುದು ಮೊದಲನೆಯದು. ಆ ಪ್ರಶ್ನೆಯ ಮೇಲೆ ಆಳುವವರು ಒಂದು ನಿರ್ಧಾರವನ್ನು ಕೈಗೊಳ್ಳುವಂತೆ ಮಾಡುವುದು ಎರಡನೆಯದು. ಹಾಗೆ ಕೈಗೊಂಡ ನಿರ್ಧಾರ ವರ್ಷಗಳ ಕಾಲ ನಿಂತು ನಡೆಯುವಂತೆ ನೋಡಿಕೊಳ್ಳುವುದು ಮೂರನೆಯದು. ಚಳವಳಿಗಾರರ ಹೆಮ್ಮೆಯ ಮಾತುಗಳಲ್ಲಿ ಈ ಮೂರೂ ಒಂದರೊಳಗೊಂದು ಬೆರೆತುಹೋಗಿರುತ್ತವೆ. ಬೇರ್ಪಡಿಸಿ ನೋಡಿದಾಗ ಚಿತ್ರ ಬದಲಾಗುತ್ತದೆ.

2

ಮೊದಲಿಗೆ ನಮ್ಮ ರಾಜ್ಯದ ಹುಟ್ಟನ್ನೇ ತೆಗೆದುಕೊಳ್ಳಬಹುದು. ಕರ್ನಾಟಕದ ಏಕೀಕರಣವನ್ನು ಲೇಖಕರ, ಪತ್ರಕರ್ತರ ವಿಜಯವೆಂದು ಹೇಳುವುದು ವಾಡಿಕೆ. ಧಾರವಾಡದಲ್ಲಿ 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಆಯಿತು. 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಹೊರಬಂದಿತು. ಹರಿದು ಹಂಚಿಹೋಗಿದ್ದ ಒಂದು ನಾಡು ತನ್ನನ್ನು ಒಂದೆಂದು ಕಂಡುಕೊಂಡುದು ಈ ಕೆಲಸದಿಂದಲೇ ಎಂಬುದರಲ್ಲಿ ಸಂಶಯವಿಲ್ಲ. ಇದು ಮೊದಲನೆಯ ಬಗೆಯ ಪ್ರಭಾವ, ಮತ್ತು ಅದು ಪೂರ್ಣವಾಗಿ ಸಿದ್ಧಿಸಿತು.

ಆದರೆ ನಿರ್ಧಾರದ ಮಾತು ಬೇರೆ. 1928ರ ನೆಹರೂ ವರದಿ ಕರ್ನಾಟಕ ಪ್ರಾಂತದ ಬೇಡಿಕೆಯನ್ನು ಒಪ್ಪಿದ್ದರೂ, ಸ್ವಾತಂತ್ರ್ಯದ ಮರುವರ್ಷ ಧರ್ ಆಯೋಗವು ಭಾಷಾವಾರು ಪ್ರಾಂತಗಳು ಬೇಡವೆಂದಿತು; 1949ರಲ್ಲಿ ನೆಹರೂ, ಪಟೇಲ್, ಪಟ್ಟಾಭಿಯವರ ಸಮಿತಿಯೂ ಕಾಲವನ್ನು ಮುಂದೂಡಿತು. ಮೂವತ್ತು ವರ್ಷಗಳ ಬರಹ ಅಲ್ಲಿಗೆ ನಿಂತಿತ್ತು. ಬೀಗ ತೆರೆದುದು ಬೇರೊಂದು ಕೈಯಿಂದ. ಪೊಟ್ಟಿ ಶ್ರೀರಾಮುಲು ಅವರು 58 ದಿನಗಳ ಉಪವಾಸದ ಬಳಿಕ 1952ರ ಡಿಸೆಂಬರ್ 15ರಂದು ಮದರಾಸಿನಲ್ಲಿ ತೀರಿಕೊಂಡರು. ತೆಲುಗು ಜಿಲ್ಲೆಗಳಲ್ಲಿ ಗಲಭೆ ಎದ್ದಿತು. ನಾಲ್ಕೇ ದಿನಗಳಲ್ಲಿ ಪ್ರಧಾನಮಂತ್ರಿಗಳು ಆಂಧ್ರ ರಾಜ್ಯವನ್ನು ಸಾರಬೇಕಾಯಿತು. ಮರುವರ್ಷ ಅದರಗುಂಚಿಯಲ್ಲಿ ಶಂಕರಗೌಡರ ಉಪವಾಸ, ಹುಬ್ಬಳ್ಳಿಯಲ್ಲಿ ಜನರ ರೊಚ್ಚು, ವರ್ಷದ ಕೊನೆಗೆ ರಾಜ್ಯ ಪುನರ್ವಿಂಗಡಣಾ ಆಯೋಗದ ನೇಮಕ, 1956ರ ನವೆಂಬರ್ 1ರಂದು ವಿಶಾಲ ಮೈಸೂರು. ಬರಹಗಾರರಿಲ್ಲದಿದ್ದರೆ ಈ ಗಳಿಗೆ ಬಂದಾಗ ಕನ್ನಡಿಗರ ಕೈಯಲ್ಲಿ ಸಿದ್ಧವಾದ ನಕಾಶೆ ಇರುತ್ತಿರಲಿಲ್ಲ. ಆದರೆ ಗಳಿಗೆಯನ್ನು ತಂದವರು ಅವರಲ್ಲ.

ಇದು ಮುನ್ನುಡಿಯ ಮಾತಲ್ಲ, ಸತ್ಯದ ಮಾತು ಎಂಬುದಕ್ಕೆ ಕಾಸರಗೋಡೇ ಸಾಕ್ಷಿ. ಅಲ್ಲಿಯೂ ಇದೇ ಬಗೆಯ ಲೇಖಕರಿದ್ದರು, ಅಧ್ಯಾಪಕರಿದ್ದರು, ಪತ್ರಕರ್ತರಿದ್ದರು. ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ದೀರ್ಘ ಜೀವಿತದ ಕೊನೆಯವರೆಗೆ, ಎಂದರೆ 2015ರವರೆಗೆ, ಆ ಒಂದು ಬೇಡಿಕೆಯನ್ನು ಕೈಬಿಡಲಿಲ್ಲ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರತಕ್ಕುದೆಂದು ಬರೆದುಕೊಟ್ಟಿತು. ವಾದದಲ್ಲಿ ಗೆದ್ದುದಾಯಿತು. ಆದರೆ ಆ ಆಯೋಗವನ್ನು ಕೇಳಿ ಪಡೆದಿದ್ದ ಮಹಾರಾಷ್ಟ್ರವೇ ಬೆಳಗಾವಿ ತನಗೆ ಬರಲಿಲ್ಲವೆಂದು ವರದಿಯನ್ನು ಒಪ್ಪಲಿಲ್ಲ. ಕೇರಳ ಮೊದಲಿನಿಂದಲೂ ಒಪ್ಪಿರಲಿಲ್ಲ. ದಿಲ್ಲಿಗೆ ಅದನ್ನು ಜಾರಿಗೆ ತರುವ ಒತ್ತಡ ಯಾವ ಕಡೆಯಿಂದಲೂ ಇರಲಿಲ್ಲ. ಒಂದು ಬಾಗಿಲಿಗೆ ಒಳಗಿನಿಂದ ತೆರೆಯುವ ಕಾರಣ ಇಲ್ಲದಿದ್ದರೆ ಹೊರಗಿನಿಂದ ತಟ್ಟುವವನ ಯೋಗ್ಯತೆ ಎಷ್ಟಿದ್ದರೇನು?

3

ಎರಡನೆಯ ನಿದರ್ಶನ 1977ರದು. ತುರ್ತುಪರಿಸ್ಥಿತಿಯನ್ನು ಕನ್ನಡದ ಬರಹಗಾರರಲ್ಲಿ ಹಲವರು ಧೈರ್ಯದಿಂದ ವಿರೋಧಿಸಿದರು. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ನವೆದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ನಾಡಿನ ವಿಚಾರವಂತರ ಒಲವು ಯಾವ ಕಡೆಗಿತ್ತೆಂಬುದರಲ್ಲಿ ಸಂದೇಹವಿರಲಿಲ್ಲ.

ಚುನಾವಣೆ ನಡೆದಾಗ ದಿಲ್ಲಿಯ ಏಳು ಸ್ಥಾನಗಳನ್ನೂ ಕಾಂಗ್ರೆಸ್ಸು ಕಳೆದುಕೊಂಡಿತು. ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನಗಳನ್ನು ಗೆದ್ದಿತು. ದಿಲ್ಲಿಯವನಿಗೆ ತುರ್ಕಮಾನ್ ಗೇಟಿನ ನೆಲಸಮವೂ ಬಲವಂತದ ಸಂತಾನಹರಣವೂ ಸ್ವಾನುಭವದ ಸಂಗತಿಗಳಾಗಿದ್ದವು. ಅವನಿಗೆ ಯಾವ ವ್ಯಾಖ್ಯಾನಕಾರನೂ ಬೇಕಾಗಿರಲಿಲ್ಲ. ಶಿವಮೊಗ್ಗದ ಅಥವಾ ದಕ್ಷಿಣ ಕನ್ನಡದ ಗೇಣಿದಾರನಿಗೆ ದೇವರಾಜ ಅರಸರ 1974ರ ಭೂಸುಧಾರಣೆಯ ಕಾನೂನಿನಿಂದ ಕೈಗೆ ಬಂದ, ಬರಲಿದ್ದ ಹೊಲವೇ ಸ್ವಾನುಭವವಾಗಿತ್ತು. ಮರುವರ್ಷ ಚಿಕ್ಕಮಗಳೂರಿನ ಉಪಚುನಾವಣೆಗೆ ದೇಶದ ಪತ್ರಕರ್ತರೆಲ್ಲ ಬಂದಿಳಿದರು. ಜಾರ್ಜ್ ಫರ್ನಾಂಡಿಸರು ಊರೂರು ತಿರುಗಿದರು. ಇಂದಿರಾ ಗಾಂಧಿಯವರು 77,333 ಮತಗಳಿಂದ ಗೆದ್ದರು.

ಇದರಿಂದ ಬರಹಗಾರರ ಪ್ರತಿಭಟನೆ ನಿಷ್ಫಲವೆಂದು ಹೇಳಲು ನಾವು ಹೊರಟಿಲ್ಲ. ಆತ್ಮಸಾಕ್ಷಿಗಾಗಿ ಮಾಡಿದುದನ್ನು ಮತಗಳಿಂದ ಅಳೆಯತಕ್ಕುದಲ್ಲ. ಆದರೆ ಅದನ್ನು ಮತಗಳಿಂದ ಅಳೆಯುವವರು ಅಳತೆಯ ಫಲವನ್ನೂ ಒಪ್ಪಬೇಕು. ಮುಂದೆ 1989ರಲ್ಲಿ ಅದೇ ಕಾರಂತರು ಕೈಗಾ ಅಣುಸ್ಥಾವರದ ವಿರೋಧವನ್ನು ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಅವರಿಗಿಂತ ಹೆಚ್ಚು ಗೌರವ ಪಡೆದ ಸಾಹಿತಿ ಆ ಕಡಲತೀರದಲ್ಲಿ ಇರಲಿಲ್ಲ. ಸ್ಥಾವರ 2000ದಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿತು. ಜನ ಒಬ್ಬನನ್ನು ಗೌರವಿಸುವುದೂ ಅವನ ಮಾತಿನಂತೆ ಮತ ಕೊಡುವುದೂ ಒಂದೇ ಅಲ್ಲ.

4

ಇನ್ನು ಗೋಕಾಕ್ ಚಳವಳಿ. ಕನ್ನಡದ ಚಳವಳಿಗಳ ಪೈಕಿ ಅತ್ಯಂತ ಯಶಸ್ವಿಯೆಂದು ಹೆಸರಾದುದು ಇದೇ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸುವುದು ಯುಕ್ತ.

ಪ್ರೌಢಶಾಲೆಗಳಲ್ಲಿ ಕನ್ನಡವನ್ನು ಕಲಿಯದೆಯೇ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು ತೇರ್ಗಡೆಯಾಗುವ ಅವಕಾಶವಿದ್ದಿತು. ಈ ವಿವಾದದಿಂದ 1980ರಲ್ಲಿ ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ ಹುಟ್ಟಿತು. 1981ರ ಜನವರಿಯಲ್ಲಿ ಬಂದ ವರದಿಯು ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದಿತು. ಗುಂಡೂರಾಯರ ಸರಕಾರ ಅದನ್ನು ಮುಂದೂಡುತ್ತ ಹೋಯಿತು. ಧಾರವಾಡದ ಮತ್ತು ಬೆಂಗಳೂರಿನ ಸಾಹಿತಿಗಳು ಸಭೆಗಳನ್ನು ನಡೆಸಿದರು, ಧರಣಿ ಕುಳಿತರು, ಪತ್ರಿಕೆಗಳಲ್ಲಿ ಬರೆದರು. ಒಂದು ವರ್ಷಕ್ಕೂ ಮಿಗಿಲಾಗಿ ಇದು ನಡೆದರೂ ಸರಕಾರ ಕದಲಲಿಲ್ಲ. 1982ರ ವಸಂತದಲ್ಲಿ ನಟ ರಾಜಕುಮಾರರು ಕಣಕ್ಕಿಳಿದು ಊರೂರುಗಳಲ್ಲಿ ಮಾತನಾಡತೊಡಗಿದರು. ಸಾಹಿತಿಗಳ ಸಭೆಗೆ ನೂರಾರು ಜನ ಬರುತ್ತಿದ್ದಲ್ಲಿ ಈಗ ಲಕ್ಷಗಳ ಸಂಖ್ಯೆಯಲ್ಲಿ ಜನ ಸೇರಿದರು. ಜುಲೈ ತಿಂಗಳಲ್ಲಿ ಸರಕಾರದ ಆಜ್ಞೆ ಹೊರಟಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಾದವನ್ನು ಕಟ್ಟಿದವರು ಸಾಹಿತಿಗಳು. ಭಾರವನ್ನು ಹೇರಿದವರು ಜನ. ಜನವನ್ನು ಕರೆತಂದವರು ರಾಜಕುಮಾರರು. ಅವರು ಎಂದೂ ಚುನಾವಣೆಗೆ ನಿಂತವರಲ್ಲ, ನಿಲ್ಲುವವರೂ ಅಲ್ಲ ಎಂಬುದೇ ಅವರ ಮಾತಿಗೆ ತೂಕ ಕೊಟ್ಟಿತು; ನಿಂತರೆ ಏನಾದೀತೆಂಬ ಅಂಜಿಕೆ ಆಳುವವರಿಗೆ ಇದ್ದೇ ಇತ್ತೆಂಬುದೂ ಅಷ್ಟೇ ನಿಜ.

ಮರುವರ್ಷದ, ಎಂದರೆ 1983ರ ಜನವರಿಯ, ಚುನಾವಣೆಯಲ್ಲಿ ಗುಂಡೂರಾಯರ ಸರಕಾರ ಬಿದ್ದಿತು. ಗೋಕಾಕ್ ಚಳವಳಿಯೂ, 1980ರಿಂದ ಜಾಹೀರಾತುಗಳಿಲ್ಲದೆ ಹೊರಡುತ್ತಿದ್ದ 'ಲಂಕೇಶ್ ಪತ್ರಿಕೆ'ಯೂ ಸೇರಿ ಅದನ್ನು ಕೆಡವಿದವೆಂದು ಹೇಳುವುದುಂಟು. ಲಂಕೇಶರ ಪತ್ರಿಕೆ ಕನ್ನಡ ಓದುಗರ ರಾಜಕೀಯ ಭಾಷೆಯನ್ನೇ ಬದಲಿಸಿತು. ಮಂತ್ರಿಗಳ ವಿಷಯದಲ್ಲಿ ಇದ್ದ ಹುಸಿ ಭಯಭಕ್ತಿಯನ್ನು ಕಿತ್ತೊಗೆಯಿತು. ಅದು ಸಣ್ಣ ಕೆಲಸವಲ್ಲ. ಆದರೆ ಸರಕಾರ ಬೀಳಲು ಬೇರೆ ಕಾರಣಗಳೂ ಧಾರಾಳವಾಗಿದ್ದವು. 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತ್ತು. ರೈತಸಂಘ ಹಳ್ಳಿಹಳ್ಳಿಗಳಲ್ಲಿ ಬೇರು ಬಿಟ್ಟಿತ್ತು. ಅರಸರ ಹಿಂಬಾಲಕರ ಕ್ರಾಂತಿರಂಗವು ಜನತಾ ಪಕ್ಷದೊಡನೆ ಸೇರಿ ವಿರೋಧಿ ಮತಗಳು ಒಡೆಯದಂತೆ ನೋಡಿಕೊಂಡಿತ್ತು. ಇಷ್ಟಾಗಿಯೂ ಜನತಾ ಪಕ್ಷಕ್ಕೆ ದೊರೆತುದು 224ರಲ್ಲಿ 95 ಸ್ಥಾನಗಳು. ಒಟ್ಟು ಮತಗಳ ಪ್ರಮಾಣದಲ್ಲಿ ಕಾಂಗ್ರೆಸ್ಸೇ ಮುಂದಿದ್ದಿತು. ಪತ್ರಿಕೆಗಳು ಬೀಸಿದ ಗಾಳಿಯೇ ಎಲ್ಲಕ್ಕೂ ಕಾರಣವಾಗಿದ್ದರೆ ಗಾಳಿ ಇದಕ್ಕಿಂತ ಜೋರಾಗಿರಬೇಕಾಗಿತ್ತು. 1984ರ ಡಿಸೆಂಬರಿನಲ್ಲಿ ಅದೇ ಮತದಾರರು ಲೋಕಸಭೆಗೆ 28ರಲ್ಲಿ 24 ಕಾಂಗ್ರೆಸ್ಸಿಗರನ್ನು ಆರಿಸಿದರು. ಹತ್ತೇ ವಾರಗಳು ಕಳೆದು 1985ರ ಮಾರ್ಚಿನಲ್ಲಿ ವಿಧಾನಸಭೆಗೆ 139 ಜನತಾ ಸದಸ್ಯರನ್ನು ಕಳುಹಿದರು. ಯಾವ ವ್ಯಾಖ್ಯಾನಕಾರನೂ ಅವರಿಗೆ ಹೀಗೆ ಮಾಡಿರೆಂದು ಹೇಳಿಕೊಟ್ಟಿರಲಿಲ್ಲ. ಮತದಾರನಿಗೆ ತನ್ನದೇ ಆದ ತಕ್ಕಡಿಯಿದೆ.

ಗೋಕಾಕ್ ಚಳವಳಿಯ ನಿಜವಾದ ಪರೀಕ್ಷೆ ನಡೆದುದು ಬೀದಿಯಲ್ಲಿಯೂ ಅಲ್ಲ, ಮತಗಟ್ಟೆಯಲ್ಲಿಯೂ ಅಲ್ಲ. ಅದು ನ್ಯಾಯಾಲಯದಲ್ಲಿ, ಮತ್ತು ತಂದೆತಾಯಂದಿರ ಮನಸ್ಸಿನಲ್ಲಿ. 1989ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು, ಭಾಷಾ ಅಲ್ಪಸಂಖ್ಯಾತರ ಅರ್ಜಿಯ ಮೇಲೆ, ಕನ್ನಡವೊಂದೇ ಪ್ರಥಮ ಭಾಷೆಯೆಂಬ ಆಜ್ಞೆ ಸಂವಿಧಾನಕ್ಕೆ ಸಮ್ಮತವಲ್ಲವೆಂದಿತು. ಸರಕಾರ ಹೊಸ ಆಜ್ಞೆ ಮಾಡಿತು. ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಅದನ್ನು ಎತ್ತಿಹಿಡಿಯಿತು. 1994ರಲ್ಲಿ ಪ್ರಾಥಮಿಕ ಶಿಕ್ಷಣದ ಮಾಧ್ಯಮ ಮಾತೃಭಾಷೆ ಅಥವಾ ಕನ್ನಡವೆಂಬ ಆಜ್ಞೆ ಬಂದಿತು. 2008ರಲ್ಲಿ ಉಚ್ಚ ನ್ಯಾಯಾಲಯ ಖಾಸಗಿ ಶಾಲೆಗಳ ಮಟ್ಟಿಗೆ ಅದನ್ನು ತಳ್ಳಿಹಾಕಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂಬುದನ್ನು ಸರಕಾರ ಹೇರಲಾಗದೆಂದು ತೀರ್ಪಿತ್ತಿತು. ಮೋತಿಬಾಗಿನ ಕರ್ನಾಟಕ ಸಂಘದ ಸಭಾಂಗಣದಿಂದ ತಿಲಕ ಮಾರ್ಗದ ಆ ನ್ಯಾಯಾಲಯಕ್ಕೆ ಒಂದು ಗಂಟೆಯ ಹಾದಿಯೂ ಇಲ್ಲ. ಮೂವತ್ತೆರಡು ವರ್ಷಗಳ ಹಿಂದೆ ಲಕ್ಷಾಂತರ ಜನ ಎತ್ತಿದ ಘೋಷ ಅಲ್ಲಿ ಕೇಳಿಸಲಿಲ್ಲ, ಕೇಳಿಸಬೇಕಾದುದೂ ಅಲ್ಲ. ಅಲ್ಲಿ ಕೇಳುವುದು ಸಂವಿಧಾನದ ಅನುಚ್ಛೇದಗಳು, ಪುರಾವೆ, ವಾದ.

ಐದು ವರ್ಷ ಕಳೆದು 2019ರ ಜನವರಿಯಲ್ಲಿ ಚಂದ್ರಶೇಖರ ಕಂಬಾರರ ಅಧ್ಯಕ್ಷತೆಯಲ್ಲಿ ಧಾರವಾಡದಲ್ಲಿ 84ನೆಯ ಸಾಹಿತ್ಯ ಸಮ್ಮೇಳನ ಸೇರಿತು. ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯುವ ಸರಕಾರದ ಯೋಚನೆಗೆ ಅಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ಗೋಕಾಕ್ ಚಳವಳಿಯ ತವರೂರು, ನಾಡಿನ ಸಾಹಿತಿಗಳೆಲ್ಲರ ಸಮ್ಮುಖ. ಆ ವರ್ಷವೇ ತರಗತಿಗಳು ತೆರೆದವು. ಬಡ ತಂದೆತಾಯಂದಿರು ಮಕ್ಕಳನ್ನು ಸೇರಿಸಿದರು. ಅವರನ್ನು ದೂಷಿಸುವ ಹಕ್ಕು ನಮಗಿದೆಯೇ? ದಿಲ್ಲಿಯಲ್ಲಿರುವ ನಮ್ಮಲ್ಲಿ ಎಷ್ಟು ಜನ ಮಕ್ಕಳನ್ನು ಕನ್ನಡದಲ್ಲಿ ಓದಿಸಿದ್ದೇವೆ?

ಹಾಗಾದರೆ ಉಳಿದುದೇನು? ಉಳಿದುದುಂಟು. 2015ರ ಕನ್ನಡ ಭಾಷಾ ಕಲಿಕೆಯ ಅಧಿನಿಯಮದಂತೆ ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕಾಗಿದೆ. ಮಾಧ್ಯಮದ ಪಟ್ಟ ಹೋಗಿ ಪಾಠದ ಸ್ಥಾನ ಉಳಿಯಿತು. ಚಳವಳಿ ಬೇಡಿದ ಎತ್ತರಕ್ಕೆ ಹೋಲಿಸಿದರೆ ಇದು ಅಲ್ಪ. ಚಳವಳಿಯೇ ನಡೆಯದಿದ್ದರೆ ಇಷ್ಟೂ ಇರುತ್ತಿತ್ತೆಂದು ಹೇಳುವ ಧೈರ್ಯ ನಮಗಿಲ್ಲ.

5

2011ನೆಯ ಇಸವಿ ನಮ್ಮ ಪ್ರಶ್ನೆಗೆ ಒಂದು ಪ್ರಯೋಗಶಾಲೆಯನ್ನೇ ಒದಗಿಸಿಕೊಟ್ಟಿತು. ಒಂದೇ ವರ್ಷದಲ್ಲಿ, ಒಂದೇ ವಿಷಯದ ಮೇಲೆ, ಎಂದರೆ ಅಧಿಕಾರಸ್ಥರ ಭ್ರಷ್ಟಾಚಾರದ ಮೇಲೆ, ಎರಡು ಪ್ರಯತ್ನಗಳು ನಡೆದವು: ಒಂದು ದಿಲ್ಲಿಯಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಎರಡರಲ್ಲಿಯೂ ಒಬ್ಬರೇ ಕನ್ನಡಿಗರು, ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು, ಭಾಗಿಗಳಾಗಿದ್ದರು.

ದಿಲ್ಲಿಯದು ಎಲ್ಲರಿಗೂ ಗೊತ್ತಿರುವುದೇ. ಏಪ್ರಿಲ್ 5ರಂದು ಅಣ್ಣಾ ಹಜಾರೆಯವರು ಜಂತರ್ ಮಂತರ್‌ನಲ್ಲಿ ಉಪವಾಸ ಕುಳಿತರು. ನಾಲ್ಕೇ ದಿನಗಳಲ್ಲಿ ಲೋಕಪಾಲ ಮಸೂದೆಗಾಗಿ ಸರಕಾರದವರು ಐವರು, ಹೊರಗಿನವರು ಐವರು ಇರುವ ಸಮಿತಿ ಆಯಿತು. ಆ ಹೊರಗಿನ ಐವರಲ್ಲಿ ಹೆಗ್ಡೆಯವರೂ ಒಬ್ಬರು. ಆಗಸ್ಟಿನಲ್ಲಿ ರಾಮಲೀಲಾ ಮೈದಾನದ ಉಪವಾಸ. ವಾಹಿನಿಗಳು ಹಗಲೂ ರಾತ್ರಿ ಮೈದಾನವನ್ನೇ ತೋರಿದವು. ನಾವೂ ಕೆಲವರು ಕನ್ನಡಿಗರು ಒಂದು ಸಂಜೆ ಅಲ್ಲಿ ಹೋಗಿ ನಿಂತಿದ್ದೆವು. ಈ ದೇಶದ ಗತಿ ಅಂದೇ ಬದಲಾಗುತ್ತಿದೆಯೆಂಬ ಭಾವನೆ ನಮ್ಮಲ್ಲಿಯೂ ಹುಟ್ಟಿತ್ತೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಆಗಸ್ಟ್ 27ರಂದು ಸಂಸತ್ತಿನ ಎರಡೂ ಸದನಗಳು ಮುಖ್ಯ ಬೇಡಿಕೆಗಳಿಗೆ ತಾತ್ತ್ವಿಕ ಸಮ್ಮತಿಯನ್ನು ಸೂಚಿಸಿದವು. ಮುಂದೆ? ಮಸೂದೆ ಅಂಗೀಕಾರವಾದುದು 2013ರ ಡಿಸೆಂಬರಿನಲ್ಲಿ. ಮೊದಲ ಲೋಕಪಾಲರ ನೇಮಕವಾದುದು 2019ರ ಮಾರ್ಚಿನಲ್ಲಿ. ಇಡೀ ದೇಶದ ದೂರದರ್ಶನದ ಬೆಂಬಲವಿದ್ದ ಒಂದು ಬೇಡಿಕೆ ಒಬ್ಬ ಅಧಿಕಾರಿಯ ಕುರ್ಚಿಯಾಗಿ ಮಾರ್ಪಡಲು ಎಂಟು ವರ್ಷ ಹಿಡಿಯಿತು.

ಬೆಂಗಳೂರಿನದು ಸದ್ದಿಲ್ಲದ ಕಥೆ. ರಾಮಕೃಷ್ಣ ಹೆಗಡೆಯವರ ಸರಕಾರ ಮಾಡಿದ 1984ರ ಕಾನೂನಿನಂತೆ ಕರ್ನಾಟಕದಲ್ಲಿ ಲೋಕಾಯುಕ್ತದ ಸಂಸ್ಥೆ ಮೊದಲೇ ಇದ್ದಿತು. 2006ರಿಂದ ಅದರ ಮುಖ್ಯಸ್ಥರಾಗಿದ್ದ ಸಂತೋಷ್ ಹೆಗ್ಡೆಯವರು ಬಳ್ಳಾರಿಯ ಕಬ್ಬಿಣದ ಅದಿರಿನ ಅಕ್ರಮ ಗಣಿಗಾರಿಕೆಯ ತನಿಖೆಯನ್ನು ನಡೆಸಿದರು. ಅರಣ್ಯಾಧಿಕಾರಿ ಯು. ವಿ. ಸಿಂಗ್ ಅವರ ತಂಡ ಲಾರಿಗಳ ಪರವಾನಗಿ, ಬಂದರಿನ ಲೆಕ್ಕ, ಬ್ಯಾಂಕಿನ ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡಿತು. ಇತ್ತ ಧಾರವಾಡದ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿಯೇ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿತ್ತು. 2011ರ ಜುಲೈ 27ರಂದು ಲೋಕಾಯುಕ್ತರು ಅಂತಿಮ ವರದಿಯನ್ನು ಒಪ್ಪಿಸಿದರು. 29ರಂದು ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. 31ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ನಾಲ್ಕು ದಿನಗಳು. ಮೈದಾನವಿರಲಿಲ್ಲ, ಉಪವಾಸವಿರಲಿಲ್ಲ, ಕಾನೂನಿನ ಬಲವುಳ್ಳ ಒಂದು ಹುದ್ದೆ, ವರ್ಷಗಟ್ಟಲೆ ಕೂಡಿಹಾಕಿದ ಲೆಕ್ಕ, ನ್ಯಾಯಾಲಯದ ಮುಂದಿದ್ದ ಒಂದು ಅರ್ಜಿ ಇದ್ದವು.

ಈ ಹೋಲಿಕೆಯಿಂದ ಆತುರದ ಸಿದ್ಧಾಂತಕ್ಕೆ ಹೋಗತಕ್ಕುದಲ್ಲ. ಹೆಗ್ಡೆಯವರಿಗೇ ಒಂದು ವರ್ಷದ ಹಿಂದೆ, 2010ರ ಜೂನಿನಲ್ಲಿ, ಸರಕಾರ ಸಹಕರಿಸುತ್ತಿಲ್ಲವೆಂದು ರಾಜೀನಾಮೆಯಿತ್ತು ಬಳಿಕ ಹಿಂತೆಗೆದುಕೊಳ್ಳುವ ಪ್ರಸಂಗ ಬಂದಿತ್ತು. ದಿಲ್ಲಿಯ ಮೈದಾನದ ಕಾವು ಬೆಂಗಳೂರಿನ ವರದಿಗೂ ಸ್ವಲ್ಪ ಬಿಸಿ ಕೊಟ್ಟಿರಬಹುದು. ವರದಿಯ ಫಲವೂ ಪೂರ್ತಿಯಾಗಿ ನಿಲ್ಲಲಿಲ್ಲ: 2016ರಲ್ಲಿ ವಿಶೇಷ ನ್ಯಾಯಾಲಯವು ಯಡಿಯೂರಪ್ಪನವರನ್ನು ದೋಷಮುಕ್ತರೆಂದು ಸಾರಿತು, 2019ರಲ್ಲಿ ಅವರು ಪುನಃ ಮುಖ್ಯಮಂತ್ರಿಗಳಾದರು. ಲೋಕಾಯುಕ್ತದ ಪೊಲೀಸ್ ಬಲವನ್ನೇ 2016ರಲ್ಲಿ ಬೇರೊಂದು ಪಕ್ಷದ ಸರಕಾರ ಕಿತ್ತುಕೊಂಡು ಹೊಸ ದಳಕ್ಕೆ ಕೊಟ್ಟಿತು. ಅದನ್ನು ಹಿಂದಿರುಗಿಸಿದುದು 2022ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯ. ಆ ಆರು ವರ್ಷಗಳಲ್ಲಿ ಬೀದಿಗೆ ಬಂದವರೆಷ್ಟು ಜನ? ಮೂರನೆಯ ಬಗೆಯ ಪ್ರಭಾವ, ಎಂದರೆ ಕೈಗೂಡಿದುದನ್ನು ಕಾಪಾಡುವುದು, ವ್ಯಾಖ್ಯಾನಕಾರರಿಗೆ ರುಚಿಸದ ಕೆಲಸ. ಅದರಲ್ಲಿ ಸುದ್ದಿಯಿಲ್ಲ.

ದಿಲ್ಲಿಯ ಚಳವಳಿಯಿಂದ ಹುಟ್ಟಿದ ಆಮ್ ಆದ್ಮಿ ಪಕ್ಷದ ಉದಾಹರಣೆಯನ್ನು ಕೊಟ್ಟು ಚಳವಳಿಗಾರರ ಶಕ್ತಿಯನ್ನು ಸಾಧಿಸಲು ಹೋಗುವವರಿಗೆ ಒಂದು ಮಾತು ಹೇಳಬೇಕಾಗಿದೆ. 2015ರಲ್ಲಿ ಅದು 70ರಲ್ಲಿ 67 ಸ್ಥಾನಗಳನ್ನು ಗೆದ್ದಿತು, ನಿಜ. ಆದರೆ ಅದು ಚಳವಳಿಯ ಪ್ರಭಾವವಲ್ಲ, ಚಳವಳಿಯನ್ನು ಬಿಟ್ಟು ಪಕ್ಷವಾದುದರ ಫಲ. ಪಕ್ಷವಾದ ಮೇಲೆ ಪಕ್ಷಗಳ ಗತಿಯೇ ಅದಕ್ಕೂ ಬಂದಿತು: 2025ರ ಫೆಬ್ರವರಿಯಲ್ಲಿ 22 ಸ್ಥಾನಗಳಿಗೆ ಇಳಿಯಿತು.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಪ್ರಕರಣವನ್ನೂ ನಮ್ಮ ಮನೆಯ ಬಾಗಿಲಲ್ಲೇ ಕಂಡಿದ್ದೇವೆ. 2020ರ ನವೆಂಬರ್ 26ರಿಂದ ಸಿಂಘು, ಟಿಕ್ರಿ, ಗಾಜೀಪುರಗಳ ಗಡಿಗಳಲ್ಲಿ ರೈತರು ಬೀಡುಬಿಟ್ಟರು. ನೋಯಿಡಾ, ಗಾಜಿಯಾಬಾದುಗಳಿಂದ ಕೆಲಸಕ್ಕೆ ಬರುವ ನಮ್ಮವರು ದಿನವೂ ಅವರ ಗುಡಾರಗಳನ್ನು ನೋಡಿಕೊಂಡೇ ದಾರಿ ಬದಲಿಸುತ್ತಿದ್ದರು. ಈ ಬಾರಿ ಹಿಂದಿ ವಾಹಿನಿಗಳಲ್ಲಿ ಬಹುಪಾಲು ಚಳವಳಿಗೆ ಒಲಿದಿರಲಿಲ್ಲ. ಆದರೂ ಒಂದು ವರ್ಷದೊಳಗೆ, 2021ರ ನವೆಂಬರ್ 19ರಂದು, ಪ್ರಧಾನಮಂತ್ರಿಗಳು ಮೂರು ಕಾನೂನುಗಳನ್ನೂ ಹಿಂತೆಗೆದುಕೊಳ್ಳುವುದಾಗಿ ಸಾರಿದರು. ವಾಹಿನಿಗಳ ಪೂರ್ಣ ಬೆಂಬಲವಿದ್ದ ಲೋಕಪಾಲಕ್ಕೆ ಎಂಟು ವರ್ಷ. ಅವುಗಳ ಅವಕೃಪೆಗೆ ಪಾತ್ರವಾದ ಬೇಡಿಕೆಗೆ ಒಂದು ವರ್ಷ. ವ್ಯತ್ಯಾಸವೆಲ್ಲಿ? ರೈತರಿಗೆ ಸಂಘಗಳಿದ್ದವು, ಊರಿನಿಂದ ಸರದಿಯ ಮೇಲೆ ಜನವನ್ನೂ ಧಾನ್ಯವನ್ನೂ ತರಿಸುವ ವ್ಯವಸ್ಥೆಯಿತ್ತು, 2022ರ ಆರಂಭದಲ್ಲಿ ಪಂಜಾಬ ಮತ್ತು ಉತ್ತರಪ್ರದೇಶದ ಚುನಾವಣೆಗಳಿದ್ದವು. ಅವರ ಬೇಡಿಕೆ 'ಬೇಡ' ಎಂಬುದಾಗಿತ್ತೆಂಬುದನ್ನೂ ಮರೆಯಬಾರದು. 'ಬೇಕು' ಎಂದು ಅವರು ಕೇಳಿದ ಬೆಂಬಲಬೆಲೆಯ ಶಾಸನ ಅವರು ಗಡಿ ಬಿಟ್ಟಾಗ ಕೈಗೆ ಬಂದಿರಲಿಲ್ಲ. ಒಂದನ್ನು ನಿಲ್ಲಿಸುವುದಕ್ಕಿಂತ ಒಂದನ್ನು ಕಟ್ಟಿಸುವುದು ಯಾವಾಗಲೂ ಕಷ್ಟ.

6

ಈ ಪ್ರಕರಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ವಿಷಯವನ್ನು ಬೆಳಕಿಗೆ ತರುವುದರಲ್ಲಿ ಚಳವಳಿಗಾರರೂ ಬರಹಗಾರರೂ ಅದ್ವಿತೀಯರು. ಆಲೂರರಿಲ್ಲದೆ ಕರ್ನಾಟಕವೆಂಬ ಪ್ರಶ್ನೆಯೇ ಇಲ್ಲ, ಹಿರೇಮಠರಿಲ್ಲದೆ ಬಳ್ಳಾರಿಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿರಲಿಲ್ಲ. ನಿರ್ಧಾರವನ್ನು ತರಿಸುವುದರಲ್ಲಿ ಅವರ ಶಕ್ತಿ ಎರವಲಿನದು: ಚುನಾವಣೆಯೋ, ಜನಸಂಘಟನೆಯೋ, ಕಾನೂನಿನ ಸಂಸ್ಥೆಯೋ ಯಾವುದಾದರೊಂದು ಹಿಡಿ ಸಿಕ್ಕಿದಾಗ ಮಾತ್ರ ಅವರ ಮಾತು ಉಪಕರಣವಾಗುತ್ತದೆ. ನಿಂತುದನ್ನು ನಿಲ್ಲಿಸಿಕೊಳ್ಳುವುದರಲ್ಲಿ ಅವರು ಬಹುಮಟ್ಟಿಗೆ ಸೋತಿದ್ದಾರೆ. ಏಕೆಂದರೆ ಆ ಕೆಲಸ ನಡೆಯಬೇಕಾದ ವರ್ಷಗಳಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ. ಇವೆಲ್ಲಕ್ಕಿಂತ ಕಡಿಮೆ ಪ್ರಭಾವವುಳ್ಳವನು ಬರಿಯ ಅಭಿಪ್ರಾಯವನ್ನು ಹೇಳುವವನು. 2024ರ ಜೂನಿನಲ್ಲಿ ಮತಗಟ್ಟೆ ಸಮೀಕ್ಷೆಗಳನ್ನು ನೆಚ್ಚಿ ವಾಹಿನಿಗಳಲ್ಲಿ ಆಳುವ ಪಕ್ಷಕ್ಕೆ ಭಾರಿ ಬಹುಮತವನ್ನು ಹಂಚಿದವರು ಮೂರೇ ದಿನಗಳಲ್ಲಿ ಆ ಪಕ್ಷಕ್ಕೆ 240 ಸ್ಥಾನಗಳೇ ಬಂದುದಕ್ಕೆ ಕಾರಣ ಹೇಳುತ್ತ ಅದೇ ಕುರ್ಚಿಯಲ್ಲಿ ಕುಳಿತಿದ್ದರು. ಜನರ ಮನಸ್ಸನ್ನು ಓದಲಾರದವನು ಅದನ್ನು ತಿದ್ದುತ್ತಾನೆಂದು ಹೇಗೆ ನಂಬುವುದು?

ಇದಕ್ಕೆ ಒಂದು ಆಕ್ಷೇಪ ಬರಬಹುದು: ಪ್ರಭಾವವೇ ಇಲ್ಲದಿದ್ದರೆ ಸರಕಾರಗಳು ಪತ್ರಕರ್ತರನ್ನೂ ಚಳವಳಿಗಾರರನ್ನೂ ಏಕೆ ಬಂಧಿಸುತ್ತವೆ, 1975ರಲ್ಲಿ ಪತ್ರಿಕೆಗಳ ಬಾಯನ್ನೇಕೆ ಕಟ್ಟಿದವು? ಆಕ್ಷೇಪ ತೂಕವುಳ್ಳದ್ದು. ಆದರೆ ಆಳುವವರ ಅಂಜಿಕೆ ಪ್ರಭಾವದ ಅಳತೆಗೋಲಾಗಲಾರದು. ಅವರೂ ನಮ್ಮಂತೆಯೇ ಮಾತಿನ ಶಕ್ತಿಯನ್ನು ಉತ್ಪ್ರೇಕ್ಷಿಸಬಲ್ಲರು. ಚಳವಳಿಗಾರ ತನ್ನ ಪ್ರಭಾವವನ್ನು ಹಿಗ್ಗಿಸಿ ಹೇಳಿಕೊಂಡಷ್ಟೂ, ಅವನನ್ನು ಸೆರೆಗೆ ಹಾಕುವವನಿಗೆ ನೆಪ ದೊರೆಯುತ್ತದೆ. ಇದು ಉತ್ಪ್ರೇಕ್ಷೆಯ ವಿರುದ್ಧ ಹೇಳಬಹುದಾದ ಅತ್ಯಂತ ವ್ಯಾವಹಾರಿಕ ಮಾತು.

ಕೊನೆಗೆ ನಮ್ಮ ಮಾತಿಗೆ ಬರೋಣ. ನಾವು ಇಲ್ಲಿ ಭಾಷಾ ಅಲ್ಪಸಂಖ್ಯಾತರು. ಲೋಧಿ ಎಸ್ಟೇಟಿನಲ್ಲಿ ಕನ್ನಡದ ಹೆಸರು ಹೊತ್ತ ಶಾಲೆಯೊಂದು ನಡೆದುಬಂದಿದೆ. ಅಂಥ ಶಾಲೆಗಳಿಗೆ ಆಶ್ರಯ ಕೊಡುವುದು ಸಂವಿಧಾನದ 29, 30ನೆಯ ಅನುಚ್ಛೇದಗಳು. ಗೋಕಾಕ್ ಆಜ್ಞೆಯ ವಿರುದ್ಧ 1989ರಲ್ಲಿ ಬೆಂಗಳೂರಿನ ಅಲ್ಪಸಂಖ್ಯಾತರು ನೆಚ್ಚಿದ ಆಶ್ರಯವೂ ಅಂಥದೇ. ಈ ಸಂಗತಿಯನ್ನು ಮನಗಾಣದೆ ನಾವು ಇಲ್ಲಿ ಒಂದು ಗೊತ್ತುವಳಿಯನ್ನೂ ಅಲ್ಲಿಗಾಗಿ ಅದಕ್ಕೆ ವಿರುದ್ಧವಾದ ಇನ್ನೊಂದನ್ನೂ ಒಂದೇ ಸಭೆಯಲ್ಲಿ ಅಂಗೀಕರಿಸಿದ್ದುಂಟು. ಎರಡಕ್ಕೂ ಚಪ್ಪಾಳೆ ಬಿದ್ದಿತು.

ಮಾಡಬಹುದಾದ ಕೆಲಸ ಚಿಕ್ಕದು, ಆದರೆ ಇದೆ. ಸಂವಿಧಾನದ 350-ಬಿ ಅನುಚ್ಛೇದದಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷಾಧಿಕಾರಿ ಇದ್ದಾರೆ. ಅವರ ವರದಿಗಳು ರಾಷ್ಟ್ರಪತಿಗಳಿಗೆ ಸಲ್ಲುತ್ತವೆ, ಸಂಸತ್ತಿನ ಮುಂದೆ ಬರುತ್ತವೆ. ಕಾಸರಗೋಡಿನ, ಸೊಲ್ಲಾಪುರದ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಸ್ಥಿತಿ ಆ ವರದಿಗಳಲ್ಲಿ ಏನೆಂದು ಬರೆದಿದೆ, ಏನು ಬರೆದಿಲ್ಲ ಎಂಬುದನ್ನು ದಿಲ್ಲಿಯಲ್ಲಿರುವ ನಾವು ವರ್ಷವರ್ಷವೂ ಓದಿ, ತಾಳೆ ನೋಡಿ, ಕನ್ನಡದಲ್ಲಿ ಅಚ್ಚುಮಾಡಬಹುದು. 1989, 1993, 2014ರ ತೀರ್ಪುಗಳನ್ನು ಟಿಪ್ಪಣಿಗಳೊಡನೆ ಕನ್ನಡಕ್ಕೆ ತರಬಹುದು. ನಮ್ಮಲ್ಲಿ ನ್ಯಾಯವಾದಿಗಳಿದ್ದಾರೆ, ಸಚಿವಾಲಯಗಳಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ವಿಶ್ವವಿದ್ಯಾಲಯಗಳ ಅಧ್ಯಾಪಕರಿದ್ದಾರೆ. ಮುಂದೊಂದು ದಿನ ಗಳಿಗೆ ಒದಗಿಬಂದಾಗ ಯಾರೋ ಒಬ್ಬನಿಗೆ ಆ ಕಾಗದಗಳು ಬೇಕಾದಾವು.

ಇದರಿಂದ ಸರಕಾರಗಳು ಬೀಳುವುದಿಲ್ಲ. ಕಾಸರಗೋಡಿನ ಒಂದು ಶಾಲೆಗೆ ಕನ್ನಡ ಬಲ್ಲ ಒಬ್ಬ ಅಧ್ಯಾಪಕನ ನೇಮಕವಾದರೂ ಆದೀತು. ಮುಂದಿನ ವಾರ್ಷಿಕ ಸಭೆಯಲ್ಲಿ ಗೊತ್ತುವಳಿಗಳ ಪಟ್ಟಿಯನ್ನು ಓದುವ ಮೊದಲು, ಹಿಂದಿನ ವರ್ಷದ ಗೊತ್ತುವಳಿಗಳ ಗತಿ ಏನಾಯಿತೆಂದು ಕಾರ್ಯದರ್ಶಿಗಳು ಒಂದೊಂದಾಗಿ ತಿಳಿಸುವ ಪದ್ಧತಿಯನ್ನು ಹಾಕಿಕೊಳ್ಳೋಣ. ನಮ್ಮ ಪ್ರಭಾವ ಎಷ್ಟೆಂಬುದು ಆಗ ನಮಗೇ ತಿಳಿದೀತು.